ತರಂಗಂಬಾಡಿಯ ಕಡಲಂಚಿನ ಬಂಗಲೆ

ಕಡಲತೀರದ ಹೋಟೆಲೊಂದಕ್ಕೆ ಎಷ್ಟು ಕೋಣೆಗಳಿರಬೇಕೆಂದು ಯಾರಾದರೂ ಕೇಳಿದರೆ, ತರಂಗಂಬಾಡಿಯಲ್ಲಿ ಇರುವಷ್ಟು ಎಂದೇ ಉತ್ತರಿಸುವೆನು. ಚೋಳಮಂಡಲ ಕರಾವಳಿಯ ಆ ಪುಟ್ಟ ಪಟ್ಟಣದಲ್ಲಿ, ಡೇನರ ಕೋಟೆಗೂ ಪಾಂಡ್ಯರ ಕಾಲದ ಶಿವಾಲಯಕ್ಕೂ ನಡುವೆ ಬಂಗಾಳ ಕೊಲ್ಲಿಗೆ ಅಭಿಮುಖವಾಗಿ ನಿಂತಿರುವ ‘ಬಂಗಲೋ ಆನ್ ದಿ ಬೀಚ್’ ಎಂಬ ವಸತಿಗೃಹದ ಕೋಣೆಗಳು ಕೇವಲ 8. ಅವುಗಳಿಗೆ ಇಟ್ಟಿರುವುದು ಒಂದು ಕಾಲಕ್ಕೆ ಈ ರೇವಿಗೆ ಬಂದುಹೋಗುತ್ತಿದ್ದ ಡ್ಯಾನಿಷ್ ನೌಕೆಗಳ ಹೆಸರು.

ವಿಜಯನಗರದ ಅರಸುಮನೆತನಕ್ಕೆ ನಿಷ್ಠನಾಗಿದ್ದ ತಂಜಾವೂರಿನ ರಘುನಾಥ ನಾಯಕನಿಂದ 1620ರಲ್ಲಿ ಅನುಮತಿ ಪಡೆದು ಡೇನರು ಇಲ್ಲಿ ಡಾನ್ಸ್‌ಬೋರ್ಗ್ ಕೋಟೆಯನ್ನು ಕಟ್ಟಿದರು. 1845ರಲ್ಲಿ ಊರನ್ನು ಇಂಗ್ಲಿಷರಿಗೆ ಮಾರಿದರು. ಆಮೇಲೆ ಬ್ರಿಟಿಷ್ ಕಲೆಕ್ಟರನ ವಾಸಕ್ಕಾದ ಮನೆಯೇ ಈಗಿನ ಹೋಟೆಲು. ನಾಗಪಟ್ಟಣಕ್ಕೆ ರೈಲು ಬಂದು ವ್ಯಾಪಾರವೆಲ್ಲ ಅತ್ತ ಸರಿದುದರಿಂದ ತರಂಗಂಬಾಡಿ ಬಡವಾಯಿತು. ಬಡವಾದುದರಿಂದಲೇ ಅದರ ಹಳೆಯ ಬೀದಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಉತ್ಸಾಹ ಯಾರಿಗೂ ಹುಟ್ಟಲಿಲ್ಲ.

ಈ ಮನೆಯ ಸ್ವಾರಸ್ಯದ ಬಹುಪಾಲು ಅದರ ಮೊಗಸಾಲೆಯಲ್ಲಿದೆ. ಹಗಲೇರಿದಂತೆ ನೆಲವು ನೀರಿಗಿಂತ ಬೇಗನೆ ಕಾದು, ಅದರ ಮೇಲಣ ಗಾಳಿ ಹಗುರಾಗಿ ಮೇಲೇಳಲು, ಆ ತೆರವನ್ನು ತುಂಬುವುದಕ್ಕೆ ಮಧ್ಯಾಹ್ನದ ವೇಳೆಗೆ ಕಡಲಗಾಳಿಯು ಒಳನಾಡಿನತ್ತ ಹೊರಡುವುದು. ಕಂಬಗಳ ಸಾಲಿನಿಂದ ಆವೃತವಾದ ಆ ಅಗಲವಾದ ಮೊಗಸಾಲೆ, ಬಿಸಿಲು ಗೋಡೆಗೆ ತಾಕದಂತೆ ತಡೆದು, ಗಾಳಿಗೆ ಮಾತ್ರ ದಾರಿ ಬಿಡುವುದು. ಯಂತ್ರದ ತಂಪನ್ನು ನಾನು ಹಳಿಯುವವನಲ್ಲ; ಆದರೆ ಬೆತ್ತದ ಕುರ್ಚಿಯಲ್ಲಿ ಒರಗಿ ಈ ಗಾಳಿಗೆ ಮೈಯೊಡ್ಡಿದವನಿಗೆ ಮುಚ್ಚಿದ ಕೋಣೆಯ ತಂಪು ರುಚಿಸುವುದು ಕಷ್ಟ. ಈ ಕರಾವಳಿಯ ಹಳೆಯ ಮನೆಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಉಪ್ಪುಗಾಳಿಯ ತೇವವನ್ನು ಹೀರಿಕೊಂಡು ಮರಳಿ ಹೊರಗೆ ಬಿಡುವ ಗುಣ ಸುಣ್ಣಕ್ಕುಂಟು. ಸಿಮೆಂಟಾದರೋ ತೇವವನ್ನು ಒಳಗೇ ಕಟ್ಟಿಹಾಕಿ ಇಟ್ಟಿಗೆಯನ್ನು ಪುಡಿಗುಟ್ಟಿಸುವುದು. ಹಳೆಯ ಮನೆಯನ್ನು ಹೋಟೆಲಾಗಿಸಲು ಹೊರಟವರು ಮಂಚ ಕುರ್ಚಿಗಳ ಯೋಚನೆಗೆ ಮೊದಲು ಅರಿಯತಕ್ಕ ವಿಷಯವಿದು. ಪಾಳುಬಿದ್ದ ಕಟ್ಟಡಗಳ ಜೀರ್ಣೋದ್ಧಾರವನ್ನೇ ವೃತ್ತಿಯಾಗಿಸಿಕೊಂಡ ನೀಮ್ರಾಣಾ ಸಂಸ್ಥೆ ಇಲ್ಲಿ ತೋರಿರುವ ಸಂಯಮವನ್ನು, ಅಂದರೆ ಮಹಡಿಯ ಮೇಲೆ ಮಹಡಿ ಏರಿಸದೆ ಇದ್ದುದನ್ನು ಇದ್ದಂತೆ ಉಳಿಸಿಕೊಂಡ ಸಂಯಮವನ್ನು, ನಾನು ಬಹುವಾಗಿ ಮೆಚ್ಚುತ್ತೇನೆ.

ಕೋಣೆಗಳು ಕೆಲವೇ ಆದುದರಿಂದ ಇನ್ನೊಂದು ಲಾಭವುಂಟು. ದೊಡ್ಡ ಹೋಟೆಲು ತನ್ನ ಅಂಗಡಿ, ಉದ್ಯಾನ, ನಾಟ್ಯಶಾಲೆಗಳೆಲ್ಲವನ್ನೂ ತನ್ನ ಪ್ರಾಕಾರದೊಳಗೇ ಇರಿಸಿಕೊಂಡು ಅತಿಥಿಯನ್ನು ಹೊರಗೆ ಬಿಡದು. ಇಲ್ಲಿಯ ಅತಿಥಿಯಾದರೋ ಹೊತ್ತು ಕಳೆಯಲು ಊರನ್ನೇ ಆಶ್ರಯಿಸಬೇಕು. ರಾಜಬೀದಿಯನ್ನು ಹಿಡಿದು 1792ರ ಊರಬಾಗಿಲಿನತ್ತ ನಡೆದರೆ ದಾರಿಯಲ್ಲಿ 1718ರ ಹೊಸ ಜೆರುಸಲೇಂ ಇಗರ್ಜಿ ಸಿಕ್ಕುವುದು. 1706ರಲ್ಲಿ ಇಲ್ಲಿಗೆ ಬಂದಿಳಿದು, ತಮಿಳನ್ನು ಕಲಿತು, ಮುದ್ರಣಾಲಯವನ್ನು ಸ್ಥಾಪಿಸಿ, ಬೈಬಲಿನ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿದ ಜೀಗನ್‌ಬಾಲ್ಗನ ಸಮಾಧಿ ಅಲ್ಲಿಯೇ ಇದೆ.

ಕಡಲು ಇಲ್ಲಿ ಸೌಮ್ಯವಾದ ನೆರೆಯಲ್ಲವೆಂಬುದನ್ನೂ ಹೇಳಬೇಕು. 1306ರಲ್ಲಿ ಕಟ್ಟಿದ ಮಾಸಿಲಾಮಣಿನಾಥನ ಗುಡಿಯ ಮುಂಭಾಗವನ್ನು ಅದು ಎಂದೋ ನುಂಗಿತು. 2004ರ ಡಿಸೆಂಬರ್ 26ರಂದು ಸುನಾಮಿಯಾಗಿ ಬಂದು ಈ ಊರಿನ ಮೀನುಗಾರರ ಕೇರಿಯಲ್ಲಿ ಅಸಂಖ್ಯ ಮನೆಗಳಿಗೆ ಸಾವನ್ನು ತಂದಿತು. ಮೊಗಸಾಲೆಯ ನೋಟ ಎಷ್ಟೇ ರಮ್ಯವಾಗಿರಲಿ, ಆ ಸಾವುಗಳನ್ನು ಮರೆತು ಈ ತೀರವನ್ನು ವರ್ಣಿಸುವುದು ನನಗೆ ಸಲ್ಲದೆಂದು ತೋರುತ್ತದೆ.

ಹೋಗಬಯಸುವವರು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಮಳೆಯನ್ನು ಕಳೆದು, ಜನವರಿ ಫೆಬ್ರವರಿಗಳಲ್ಲಿ ಹೋಗುವುದು ಮೇಲು. ಮೇಲಂತಸ್ತಿನಲ್ಲಿ ಕಡಲಿಗೆ ಮುಖಮಾಡಿದ ಕೋಣೆಯನ್ನೇ ಕೇಳತಕ್ಕದ್ದು. ಸೂರ್ಯೋದಯಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ನದಿ ಸಮುದ್ರವನ್ನು ಸೇರುವ ಪೂಂಪುಹಾರ್ ಉತ್ತರಕ್ಕೆ ಸಮೀಪದಲ್ಲಿಯೇ ಇರುವುದರಿಂದ, ಕನ್ನಡಿಗರು ಅದಕ್ಕಾಗಿ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಂಡು ಹೊರಡಲಿ.