ಧೀಂಗಿಣ ಮುಗಿದ ಮೇಲೆ ಏಳಬೇಡಿ

ಪುಣೆಯ ಯಕ್ಷಗಾನ ಸಭೆಗಳಲ್ಲಿ ನನಗೆ ಸಿಟ್ಟು ಬರುವ ಗಳಿಗೆ ಒಂದಿದೆ. ಬಭ್ರುವಾಹನ ರಂಗಸ್ಥಳ ಸುತ್ತಿ, ಹಾರಿ ಹಾರಿ ತಿರುಗುವ ಧೀಂಗಿಣ ಹಾಕುವಾಗ ಸಭಾಗೃಹದ ತುಂಬ ಸಿಳ್ಳೆ, ತಲೆಗಳ ಮೇಲೆಲ್ಲ ಮೊಬೈಲು. ಚೆಂಡೆ ನಿಂತು, ಆ ಹುಡುಗ ಏದುಸಿರು ನುಂಗಿಕೊಂಡು ಅಪ್ಪ ಅರ್ಜುನನೆದುರು ಬಾಯಿ ತೆರೆದನೋ ಇಲ್ಲವೋ, ಮೊಬೈಲುಗಳು ಜೇಬು ಸೇರುತ್ತವೆ, ಹಿಂದಿನ ಸಾಲು ವಡಾಪಾವ್ ತಿನ್ನಲು ಏಳುತ್ತದೆ. ಹಾಗೆ ಎದ್ದವರು ಅರ್ಧ ಆಟ ಬಿಟ್ಟು ಹೋದರು. ನನ್ನನ್ನು ಕೇಳಿದರೆ ಅರ್ಧಕ್ಕಿಂತ ಹೆಚ್ಚು.

ಪುಣೆಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಅಪ್ಪ ಕಾರ್ಕಳದಿಂದಲೋ ಕುಂದಾಪುರದಿಂದಲೋ ಬಂದು ಹೋಟೆಲಿನಲ್ಲಿ ದುಡಿದವರು. ಮನೆಯಲ್ಲಿ ತುಳು ಅಥವಾ ಕುಂದಾಪ್ರ ಕನ್ನಡ, ಬೀದಿಯಲ್ಲಿ ಮರಾಠಿ. ರಂಗದ ಮೇಲಿನ ಕನ್ನಡ ನಿಮಗೆ ದೂರದ್ದು, ಗೊತ್ತು. ಆದರೂ ಅರ್ಥಗಾರಿಕೆಗೆ, ಅಂದರೆ ಪದ್ಯದ ನಂತರ ಬರುವ ಮಾತಿಗೆ, ಕಿವಿ ಕೊಡಿ ಎಂದೇ ಹಟ ಹಿಡಿಯುತ್ತೇನೆ.

ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಭಾಗವತರು ಹಾಡುತ್ತಾರೆ, ವೇಷ ಕುಣಿಯುತ್ತದೆ, ಆಮೇಲೆ ಬರುವ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಪದ್ಯದ ಒಂದು ಪದವನ್ನು ಹಿಡಿದು ಕಲಾವಿದ ಅಲ್ಲೇ ವಾದ ಕಟ್ಟುತ್ತಾನೆ. ಎದುರಿನವನು ಅಲ್ಲೇ ಅದನ್ನು ಕೆಡವಬೇಕು. ನಿನ್ನೆ ಗೆದ್ದ ವಾದ ಇವತ್ತು ಸೋಲಬಹುದು. ಆದ್ದರಿಂದ ಪದ್ಯ ಹಾಡುವಾಗ ಒಂದು ಪದವನ್ನಾದರೂ ಕಿವಿಯಲ್ಲಿ ಇಟ್ಟುಕೊಳ್ಳಿ. ಆ ಪದ ಮಾತಿನಲ್ಲಿ ಎಲ್ಲಿ ತಿರುಗಿ ಬರುತ್ತದೆ, ಯಾವ ಬಣ್ಣ ಹೊತ್ತು ಬರುತ್ತದೆ ನೋಡಿ.

‘ಬಭ್ರುವಾಹನ ಕಾಳಗ’ವನ್ನೇ ತೆಗೆದುಕೊಳ್ಳಿ. ಜೈಮಿನಿ ಭಾರತದ ಕಥೆ. ಮಣಿಪುರದಲ್ಲಿ ತಾಯಿ ಚಿತ್ರಾಂಗದೆ ಬೆಳೆಸಿದ ಮಗ, ಅಪ್ಪನ ಊರು ಕಂಡವನಲ್ಲ. ಅಶ್ವಮೇಧ ಯಜ್ಞದ ಕುದುರೆ ಕಟ್ಟಿದ ಮೇಲೆ ಅದರ ಕಾವಲಿಗೆ ಬಂದವನು ಅಪ್ಪನೆಂದು ತಿಳಿದು, ಕಾಣಿಕೆ ಸಮೇತ ಬಂದು ಕಾಲಿಗೆ ಬೀಳುತ್ತಾನೆ. ಅರ್ಜುನ ಒದೆಯುತ್ತಾನೆ. ನನ್ನ ಮಗನೆಂದರೆ ಅಭಿಮನ್ಯು, ಕುದುರೆ ಕಟ್ಟಿ ಹೆದರಿ ಬಿಟ್ಟುಕೊಡುವವನು ನನ್ನ ರಕ್ತವಲ್ಲ ಎಂದು ತಾಯಿಯ ಶೀಲಕ್ಕೇ ಮಾತು ತಾಗಿಸುತ್ತಾನೆ. ಬೇರೆ ಊರಿನಲ್ಲಿ ಬೆಳೆದದ್ದಕ್ಕೆ ‘ನೀನು ನಮ್ಮವನೇ ಅಲ್ಲ’ ಎಂದು ಹಿರಿಯರಿಂದ ಕೇಳಿಸಿಕೊಂಡ ಪುಣೆಯ ಹುಡುಗರೇ, ಈ ಜಾಗದಲ್ಲಿ ನೀವು ವಡಾಪಾವ್ ತಿನ್ನಲು ಏಳುವುದು ಹೇಗೆ?

ಇದರ ರುಚಿ ನನಗೆ ಹತ್ತಿದ್ದು ಒಂದು ಮಳೆಗಾಲದ ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಕುಳಿತ ಇಬ್ಬರು. ಅರ್ಜುನನ ಅರ್ಥ ಹೇಳಿದ ಹಿರಿಯರು ಮಗನನ್ನು ಹೀಗಳೆಯುತ್ತ ಅಭಿಮನ್ಯುವಿನ ಹೆಸರಿಗೆ ಬಂದಾಗ ದನಿ ಕುಗ್ಗಿಸಿದರು. ಸತ್ತ ಮಗನ ಜಾಗಕ್ಕೆ ಇನ್ನೊಬ್ಬ ಬಂದು ನಿಲ್ಲುವುದನ್ನು ಆ ಅಪ್ಪ ತಾಳಲಾರ ಎಂದು ಒಮ್ಮೆಗೇ ಹೊಳೆಯಿತು. ಎದುರಿನ ತರುಣ ಕಲಾವಿದ ಅದನ್ನು ಹಿಡಿದುಬಿಟ್ಟ. ಸಿಟ್ಟು ಬಿಟ್ಟು, ತಮ್ಮನ ಸಾವಿಗೆ ತನ್ನ ಮನೆಯಲ್ಲೂ ಅಳುವುದಕ್ಕೆ ಹಕ್ಕಿದೆಯೋ ಎಂದು ಕೇಳಿದ. ಹಿರಿಯರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಭಾಗವತರು ಮುಂದಿನ ಪದ್ಯ ಎತ್ತದೆ ಕಾದರು. ಅಂದಿನಿಂದ ನಾನು ಕಾಳಗದ ಕುಣಿತವನ್ನೂ ಬೇರೆ ಕಣ್ಣಿನಿಂದ ನೋಡುತ್ತೇನೆ. ಪ್ರವೇಶದ ಧೀಂಗಿಣ ಹುಡುಗಾಟ. ಅವಮಾನದ ನಂತರದ ಧೀಂಗಿಣ ತಾಯಿಗಾಗಿ ಹೊರಟ ಯುದ್ಧ. ಸುತ್ತು ಅದೇ, ಹೆಜ್ಜೆ ಅದೇ. ನಡುವಿನ ಮಾತು ಕೇಳದವನಿಗೆ ಎರಡೂ ಒಂದೇ ಕಸರತ್ತು.

ಶಿವರಾಮ ಕಾರಂತರಂಥ ದೊಡ್ಡವರೇ ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ಕೈಬಿಟ್ಟರು. ಭಾಷೆ ಬಾರದ ನಾಡುಗಳಿಗೆ ಅದರಿಂದ ಕಲೆ ತಲುಪಿತು, ಒಪ್ಪುತ್ತೇನೆ. ಆದರೆ ಈಗ ನಮ್ಮವರೆದುರೇ ‘ನಾಟ್ಯ ವೈಭವ’, ‘ಗಾನ ವೈಭವ’ ಎಂದು ತುಂಡು ತುಂಡಾಗಿ ಬಡಿಸುವುದು, ಮೂರು ಗಂಟೆಯ ಕಾಲಮಿತಿಯಲ್ಲಿ ಮೊದಲು ಮಾತಿಗೇ ಕತ್ತರಿ ಹಾಕುವುದು, ಸಿನಿಮಾ ಧಾಟಿಯ ಪದ್ಯಕ್ಕೆ ಚಪ್ಪಾಳೆ ಗಿಟ್ಟಿಸುವುದು, ಇದೆಲ್ಲ ಅಗ್ಗದ ಕೆಲಸ.

ಮರಾಠಿ ಗೆಳೆಯರನ್ನು ಕರೆತರುವಾಗ ಸಂಕೋಚ ಬೇಡ. 1842ರಲ್ಲಿ ಉತ್ತರ ಕನ್ನಡದ ಕರ್ಕಿ ಮೇಳ ಸಾಂಗ್ಲಿಯ ಪಟವರ್ಧನ ರಾಜರೆದುರು ಆಡಿತು. ಮರುವರ್ಷ ಅಲ್ಲೇ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಎಂಬ ಮರಾಠಿ ನಾಟಕ ಆಡಿಸಿದರು. ಅದರಲ್ಲೂ ಸೂತ್ರಧಾರ ಹಾಡುವುದು, ಪಾತ್ರಧಾರಿಗಳು ಮಾತು ಅಲ್ಲೇ ಕಟ್ಟುವುದು. 1880ರಲ್ಲಿ ಇದೇ ಪುಣೆಯಲ್ಲಿ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ ಬರುವ ಹೊತ್ತಿಗೆ ಮಾತು ಕಾಗದಕ್ಕೆ ಇಳಿದಿತ್ತು. ತಮಾಶಾದ ಬತಾವಣಿ ಕೇಳಿ ಬೆಳೆದವರಿಗೆ ಆಶುಮಾತಿನ ಸೊಗಸನ್ನು ನೀವು ವಿವರಿಸಬೇಕಾಗಿಲ್ಲ. ಕಥೆಯನ್ನು ಮೊದಲೇ ಹೇಳಿಟ್ಟರೆ ಸಾಕು.

ಬಣ್ಣ, ಕಿರೀಟ, ತೆಂಕು-ಬಡಗು ತಿಟ್ಟುಗಳ ವ್ಯತ್ಯಾಸ, ಇವೆಲ್ಲ ನೋಡುತ್ತ ನೋಡುತ್ತ ತಿಳಿಯುತ್ತವೆ. ಮದ್ದಳೆಗೆ ಮಾತ್ರ ಸ್ವಲ್ಪ ಗಮನ ಕೊಡಿ. ಚೆಂಡೆಯ ಅಬ್ಬರದಲ್ಲಿ ಅದು ತಪ್ಪಿಹೋಗುತ್ತದೆ. ಮನೆಯಲ್ಲಿ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯ ಅರ್ಥವನ್ನು ಅಪ್ಪನ ಜೊತೆ ಕುಳಿತು ಕೇಳಿ. ಅರ್ಥವಾಗದಲ್ಲಿ ನಿಲ್ಲಿಸಿ, ಅಪ್ಪನಿಂದ ಮನೆಮಾತಿನಲ್ಲಿ ಹೇಳಿಸಿಕೊಳ್ಳಿ. ವಾಲಿ ಸರಿಯೋ ರಾಮ ಸರಿಯೋ ಎಂದು ಇಬ್ಬರೂ ಜಗಳಕ್ಕೆ ಬಿದ್ದರೆ ಇನ್ನೂ ಒಳ್ಳೆಯದು.

ಊರಿನಲ್ಲಿ ಬೇಸಗೆ ಕೊನೆಯ ಪತ್ತನಾಜೆ ಕಳೆದು ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮುಂಬೈ, ಪುಣೆಗೆ ಬರುತ್ತಾರೆ. ಆಗ ತಾಳಮದ್ದಳೆ ಇದ್ದರೆ ಅದಕ್ಕೇ ಮೊದಲು ಹೋಗಿ. ಆಟವಾದರೆ, ಮುಗಿದ ಮೇಲೆ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗಿ. ಬಣ್ಣ ತೆಗೆಯುತ್ತಿರುವ ಅರ್ಜುನನ ಬಳಿ ಸೆಲ್ಫಿ ಕೇಳಬೇಡಿ. ಮಗನನ್ನು ಯಾಕೆ ಒಪ್ಪಲಿಲ್ಲ ಎಂದು ಕೇಳಿ. ಮನೆಮಾತಿನಲ್ಲೇ ಕೇಳಿ, ಅವರು ಬಸ್ಸು ಹೊರಡುವ ತನಕ ಉತ್ತರ ಹೇಳುತ್ತಾರೆ.