ಏಪ್ರಿಲ್‌ನ ‘ಹೂಂ’, ಜೂನ್‌ನ ಮನಸ್ಸು

ಕಾಪು, ಕಟಪಾಡಿ, ಉಚ್ಚಿಲ, ಪಡುಬಿದ್ರಿ ಕಡೆ ಬೇಸಿಗೆ ಬಂತೆಂದರೆ ಹೊನಲು ಬೆಳಕಿನ ಪಂದ್ಯಾಟಗಳದ್ದೇ ಸದ್ದು. ಒಂದು ವಾರ ವಾಲಿಬಾಲ್, ಮುಂದಿನ ವಾರ ಮ್ಯಾಟ್ ಅಂಕಣದ ಕಬಡ್ಡಿ. ನೋಡಲು ಬಂದವರೆಲ್ಲ ಚೆಂಡಿನ ಹಿಂದೆ ಕಣ್ಣು ಓಡಿಸುತ್ತಿದ್ದರೆ ಅವರ ನಡುವೆ ಒಬ್ಬಿಬ್ಬರು ಮಾತ್ರ ಹುಡುಗರ ಕಾಲು, ತೋಳು, ಎತ್ತರ ನೋಡುತ್ತ ನಿಂತಿರುತ್ತಾರೆ. ಅವರು ಕಾಲೇಜುಗಳ ಕೋಚ್‌ಗಳು, ಇಲ್ಲವೇ ದೈಹಿಕ ಶಿಕ್ಷಣ ನಿರ್ದೇಶಕರು. ಪಂದ್ಯ ಮುಗಿದು ಹುಡುಗ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಹೆಗಲ ಮೇಲೆ ಕೈ ಬೀಳುತ್ತದೆ. ‘ಎಸೆಸೆಲ್ಸಿ ಆಯ್ತಾ? ನಮ್ಮಲ್ಲಿಗೆ ಬಾ. ಫೀಸ್ ಇಲ್ಲ, ಹಾಸ್ಟೆಲ್, ಊಟ, ಶೂ ಎಲ್ಲ ನಮ್ಮದೇ.’ ಹುಡುಗ ‘ಹೂಂ ಸರ್’ ಅನ್ನುತ್ತಾನೆ. ಹದಿನಾರು ವರ್ಷದವನು, ಆಗತಾನೇ ಗೆದ್ದವನು, ಊರವರೆಲ್ಲ ನೋಡುತ್ತಿರುವಾಗ ಬೇರೆ ಏನು ತಾನೇ ಹೇಳಿಯಾನು?

ಜೂನ್‌ನಲ್ಲಿ ಅದೇ ಹುಡುಗ ‘ಬರುವುದಿಲ್ಲ’ ಎಂದಾಗ ಏನಾಗುತ್ತದೆ ಎಂಬುದು ಇಲ್ಲಿಯ ವಿಷಯ. ಯಾವುದೋ ಒಂದು ಕಾಲೇಜಿನ ಮೇಲಿನ ದೂರು ಇದಲ್ಲ. ಕರಾವಳಿಯ ಕಾಲೇಜು ಕ್ರೀಡೆಯಲ್ಲಿ ಬೇರೂರಿದ ಒಂದು ರೂಢಿಯ ವಿಮರ್ಶೆ.

ರೂಢಿಯ ದೊಡ್ಡತನವನ್ನು ಮೊದಲೇ ಒಪ್ಪಿಬಿಡುತ್ತೇನೆ. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಆಳ್ವಾಸ್ ಸಂಸ್ಥೆಯ ಮೂಲಕ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ಯೋಜನೆಯನ್ನು ಬೆಳೆಸಿದ್ದಾರೆ. ಉಜಿರೆಯ ಎಸ್‌ಡಿಎಂ ಕಾಲೇಜು ದೇಶಕ್ಕೆ ಪದಕ ತಂದವರನ್ನು ತಯಾರು ಮಾಡಿದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟವೇ ಮೂಡುಬಿದಿರೆಯ ಸ್ವರಾಜ್ಯ ಮೈದಾನಕ್ಕೆ ಬಂದಿತ್ತು. ದೋಣಿಗೆ ಹೋಗುವವರ, ಬೀಡಿ ಕಟ್ಟುವವರ, ಕೂಲಿ ಮಾಡುವವರ ಮನೆಯ ಮಕ್ಕಳು ಒಂದು ರೂಪಾಯಿ ಕೊಡದೆ ಪದವಿ ಪಡೆದದ್ದು, ರೈಲ್ವೆ, ಪೊಲೀಸ್, ಬ್ಯಾಂಕುಗಳಲ್ಲಿ ಕೆಲಸ ಹಿಡಿದದ್ದು ಈ ಹೆಗಲ ಮೇಲಿನ ಕೈಯಿಂದಲೇ. ಸರಕಾರ ಮಾಡಬೇಕಾದ್ದನ್ನು ಕಾಲೇಜುಗಳು ಮಾಡಿವೆ.

ಆದರೆ ಉಪಕಾರ ದೊಡ್ಡದಾದಷ್ಟೂ ‘ಬೇಡ’ ಎನ್ನುವ ಬಾಯಿ ಒಣಗುತ್ತದೆ. ಮನಸ್ಸು ಬದಲಿಸಿದ ಹುಡುಗನಿಗೆ ಮೊದಲು ಸಿಗುವುದು ಬೈಗುಳ: ‘ನಿನಗೋಸ್ಕರ ಮ್ಯಾನೇಜ್‌ಮೆಂಟ್ ಹತ್ರ ಎಷ್ಟು ಕೈಮುಗಿದಿದ್ದೇನೆ ಗೊತ್ತುಂಟಾ?’ ಆಮೇಲೆ ಅವನ ಹೈಸ್ಕೂಲಿನ ಪಿ.ಟಿ. ಮಾಸ್ಟ್ರಿಗೆ ಫೋನು. ಅವರು ಅಪ್ಪನಿಗೆ ಫೋನು ಮಾಡುತ್ತಾರೆ. ಕೊನೆಗೆ ಹುಡುಗ ಯಾವ ಕಾಲೇಜಿಗೆ ಹೊರಟಿದ್ದಾನೋ ಅಲ್ಲಿನ ಕೋಚ್‌ಗೆ ‘ಅವ ಕೈಕೊಡುವ ಜಾತಿ, ನೋಡಿಕೊಳ್ಳಿ’ ಎಂಬ ಸಂದೇಶ ಹೋಗುತ್ತದೆ. ಕೆಲವೆಡೆ ಇನ್ನೂ ಒಂದು ಹೆಜ್ಜೆ ಮುಂದೆ: ಸೇರಿ ತಿಂಗಳಾಗಿದ್ದರೆ ಟಿ.ಸಿ. ಮತ್ತು ಮೂಲ ಅಂಕಪಟ್ಟಿ ಆಫೀಸಿನ ಕಪಾಟಿನಿಂದ ಹೊರಬರುವುದಿಲ್ಲ. ‘ನಾಳೆ ಬಾ’, ‘ಪ್ರಿನ್ಸಿಪಾಲ್ ಇಲ್ಲ’, ‘ಹಾಸ್ಟೆಲ್ ಬಾಕಿ ಕಟ್ಟು’.

ಕೋಚ್ ಕಡೆಯಿಂದಲೂ ನೋಡಬೇಕು. ವಾಲಿಬಾಲ್‌ನಲ್ಲಿ ಸೆಟ್ಟರ್ ಒಬ್ಬ ಕೈತಪ್ಪಿದರೆ ಹೋಗುವುದು ಒಂದು ಸ್ಥಾನವಲ್ಲ, ಇಡೀ ಆಕ್ರಮಣದ ಲೆಕ್ಕ. ಅವನಿಗಾಗಿ ಇನ್ನೊಬ್ಬ ಸೆಟ್ಟರ್‌ಗೆ ‘ಈ ವರ್ಷ ಜಾಗವಿಲ್ಲ’ ಎಂದು ಹೇಳಿ ಕಳಿಸಿಯಾಗಿದೆ. ಅವನೀಗ ಇನ್ನೊಂದು ಕಾಲೇಜಿನ ಸಮವಸ್ತ್ರ ಹೊಲಿಸಿಕೊಂಡಿದ್ದಾನೆ. ಆಡಳಿತ ಮಂಡಳಿ ವರ್ಷದ ಕೊನೆಗೆ ಕೇಳುವುದು ಕಪ್ ಎಷ್ಟು ಬಂತು ಎಂದು ಮಾತ್ರ. ಎಷ್ಟೋ ಕೋಚ್‌ಗಳ ಕೆಲಸ ಖಾಯಂ ಅಲ್ಲ. ಸಿಟ್ಟಿಗೆ ಕಾರಣವಿದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಸಿಟ್ಟು ಎಲ್ಲರಿಗಿಂತ ಕಡಿಮೆ ಶಕ್ತಿ ಇರುವವನ ಮೇಲೆ ತಿರುಗಿದೆ ಎಂಬುದು ನನ್ನ ಆಕ್ಷೇಪ.

ಏಕೆಂದರೆ ಹುಡುಗನ ಮನಸ್ಸಿಗಿಂತ ಮೊದಲು ಬದಲಾಗುವುದು ಅವನ ಸುತ್ತಲಿನ ಸಂಗತಿಗಳು. ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್‌ನಲ್ಲಿ, ಎಸೆಸೆಲ್ಸಿ ಮೇ ತಿಂಗಳಲ್ಲಿ, ಸಿಇಟಿ ರ್‍ಯಾಂಕು ಅದರ ನಂತರ, ನೀಟ್ ಜೂನ್‌ನಲ್ಲಿ. ಆಮೇಲೆ ಸೀಟು ಹಂಚಿಕೆ ಸುತ್ತಿನ ಮೇಲೆ ಸುತ್ತು ಎಳೆಯುತ್ತ ಹೋಗುತ್ತದೆ. ವೃತ್ತಿಪರ ಕೋರ್ಸುಗಳಲ್ಲಿ ಕ್ರೀಡಾ ಕೋಟಾ ಬೇರೆ ಇದೆ. ಅದರಲ್ಲಿ ಹೆಸರು ಬರುತ್ತದೋ ಇಲ್ಲವೋ ಪಟ್ಟಿ ಬರುವವರೆಗೆ ತಿಳಿಯದು. ಅತ್ತ ಅಗ್ನಿವೀರ ನೇಮಕಾತಿಗೆ ಹದಿನೇಳೂವರೆ ತುಂಬಿದರೆ ಸಾಕು. ಮುಂಬೈಯಲ್ಲಿ ಹೋಟೆಲಿಟ್ಟ ಮಾವ ‘ಕಳಿಸಿಕೊಡಿ’ ಅಂದಿರುತ್ತಾನೆ, ಗಲ್ಫಿನಲ್ಲಿದ್ದ ಅಪ್ಪ ಕೆಲಸ ಬಿಟ್ಟು ಬಂದಿರುತ್ತಾನೆ. ಇಷ್ಟೆಲ್ಲ ತೂಗಾಡುತ್ತಿರುವಾಗ ಏಪ್ರಿಲ್ ರಾತ್ರಿಯ ‘ಹೂಂ’ ಒಂದು ಮಾತ್ರ ಕಲ್ಲಿನಲ್ಲಿ ಕೊರೆದಂತಿರಬೇಕು ಎಂದರೆ ಹೇಗೆ? ಸರಕಾರಕ್ಕೇ ಆಗಸ್ಟ್‌ವರೆಗೆ ಖಚಿತವಿಲ್ಲದ ಸಂಗತಿಯನ್ನು ಹದಿಹರೆಯದ ಹುಡುಗ ನಾಲ್ಕು ತಿಂಗಳು ಮೊದಲೇ ಖಚಿತಪಡಿಸಬೇಕು ಎಂದಂತಾಯಿತು.

ಇನ್ನೊಂದು ತಮಾಷೆ ನೋಡಿ. ಹದಿಹರೆಯದವರ ಮನಸ್ಸು ಬದಲಿಸುವುದು ಒಳ್ಳೆಯ ಕೋಚ್‌ನ ಕೆಲಸದ ಮುಖ್ಯ ಭಾಗ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ಕಂಡು ಕುಸ್ತಿಯ ಕನಸು ಕಟ್ಟಿದ ಹುಡುಗ. ಉಜಿರೆಗೆ ಬಂದ ಮೇಲೆ ತರಬೇತುದಾರ ರಾಜೇಂದ್ರ ಪ್ರಸಾದ್ ಅವನನ್ನು ಭಾರ ಎತ್ತುವ ಕಡೆಗೆ ತಿರುಗಿಸಿದರು. ಸೇನೆಗೆ ಸೇರಲು ಹೋದರೆ ಎತ್ತರ ಸಾಲಲಿಲ್ಲ, ವಾಯುಪಡೆ ತೆಗೆದುಕೊಂಡಿತು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕಿಲೊ ವಿಭಾಗದಲ್ಲಿ ಒಟ್ಟು 249 ಕಿಲೊ ಎತ್ತಿ ಬೆಳ್ಳಿ, ಆ ಕೂಟದಲ್ಲಿ ಭಾರತದ ಮೊದಲ ಪದಕ. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೊ ವಿಭಾಗದಲ್ಲಿ ಕಂಚು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರೂ ಶಾಲೆಯಲ್ಲಿ ವಾಲಿಬಾಲ್, ಗುಂಡೆಸೆತ ಆಡಿದವರೇ. ಕಬಡ್ಡಿಗೆ ಬಂದು ಭಾರತ ತಂಡದ ನಾಯಕಿಯಾದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕುಸ್ತಿ ಬಿಟ್ಟು ವೇಟ್‌ಲಿಫ್ಟಿಂಗ್‌ಗೆ ಬಂದ ಹುಡುಗನನ್ನು ಯಾರೂ ಕೈಕೊಟ್ಟವನು ಎನ್ನಲಿಲ್ಲ. ತನ್ನ ಕಡೆಗೆ ತಿರುಗಿದ ಮನಸ್ಸು ವಿವೇಕ, ತನ್ನಿಂದ ಆಚೆ ತಿರುಗಿದ್ದು ಕೃತಘ್ನತೆ ಎಂಬ ತಕ್ಕಡಿಯನ್ನು ಕೋಚ್‌ಗಳು ಬದಿಗಿಡಬೇಕು.

ಕಾನೂನಂತೂ ಹುಡುಗನ ಪರವಾಗಿಯೇ ಇದೆ. 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲಾರರು. ಮೊಹೋರಿ ಬೀಬಿ ಪ್ರಕರಣದಲ್ಲಿ 1903ರಲ್ಲಿ ಪ್ರಿವಿ ಕೌನ್ಸಿಲ್ ಅಂಥ ಕರಾರು ಮೊದಲಿನಿಂದಲೇ ಶೂನ್ಯ ಎಂದು ಹೇಳಿತು. ಅಲ್ಲಿ ಅಪ್ರಾಪ್ತನಿಗೆ ಸಾಲ ಕೊಟ್ಟವನಿಗೆ ಹಣವೂ ಮರಳಲಿಲ್ಲ. ಪಿಯುಸಿಗೆ ಸೇರುವ ಹುಡುಗನಿಂದ ‘ಎರಡು ವರ್ಷ ಇಲ್ಲೇ ಆಡುತ್ತೇನೆ’ ಎಂದು ಬರೆಸಿಕೊಂಡ ಹಾಳೆಗೆ ಹೆದರಿಸುವ ಶಕ್ತಿಯಷ್ಟೇ ಉಳಿಯುತ್ತದೆ. ಪದವಿ ಕಾಲೇಜುಗಳ ಮಟ್ಟಿಗೆ ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಸ್ಪಷ್ಟವಾಗಿಯೇ ಹೇಳಿದೆ: ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಅಲ್ಲೇ ವಾಪಸು ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಇರುವಾಗಲೇ ಬಿಟ್ಟರೆ ಹೆಚ್ಚುಕಡಿಮೆ ಪೂರ್ತಿ ಶುಲ್ಕ ಹಿಂತಿರುಗಬೇಕು, ತಡವಾದಷ್ಟೂ ಕಡಿತ, ಕೊನೆಯ ದಿನ ಕಳೆದು 30 ದಿನವಾದ ಮೇಲೆ ಏನೂ ಇಲ್ಲ. ಶುಲ್ಕವನ್ನೇ ಕಟ್ಟದ ಕ್ರೀಡಾ ಕೋಟಾದ ಹುಡುಗನಿಗೆ ಹಣದ ಲೆಕ್ಕದಿಂದ ಏನೂ ಸಿಗದು. ಆದರೆ ಆ ಮೆಟ್ಟಿಲುಗಳಲ್ಲಿ ಒಂದು ಬುದ್ಧಿವಂತಿಕೆ ಇದೆ. ಬೇಗ ಹೇಳಿದವನಿಗೆ ಕಡಿಮೆ ನಷ್ಟ, ತಡಮಾಡಿದವನಿಗೆ ಹೆಚ್ಚು.

ಅಮೆರಿಕದ ಕಾಲೇಜು ಫುಟ್‌ಬಾಲ್‌ನವರು ಇದೇ ತಲೆನೋವಿಗೆ ದಶಕಗಟ್ಟಲೆ ಮದ್ದು ಅರೆದಿದ್ದಾರೆ. ಅಲ್ಲಿ ಹೈಸ್ಕೂಲು ಹುಡುಗ ಬಾಯಿಮಾತಿನಲ್ಲಿ ಒಪ್ಪಿದ್ದಕ್ಕೆ ಬೆಲೆ ಇಲ್ಲ. ಆದರೆ 1964ರಿಂದ ಒಂದು ಒಪ್ಪಿಗೆ ಪತ್ರ ಜಾರಿಯಲ್ಲಿತ್ತು. ಅದಕ್ಕೆ ಸಹಿ ಹಾಕಿದ ಮೇಲೆ ಬೇರೆ ಕಾಲೇಜಿನವರು ಅವನನ್ನು ಕರೆಯುವಂತಿರಲಿಲ್ಲ, ಅವನು ಬಿಟ್ಟುಹೋದರೆ ಆಟದ ಅರ್ಹತೆಯಲ್ಲಿ ಒಂದಿಷ್ಟು ಕಳೆದುಕೊಳ್ಳಬೇಕಿತ್ತು. ಕೋಚ್ ಮಾತ್ರ ಮರುದಿನವೇ ಹೆಚ್ಚು ಸಂಬಳದ ಕಾಲೇಜಿಗೆ ಹಾರಬಹುದಿತ್ತು. 2024ರ ಅಕ್ಟೋಬರ್‌ನಲ್ಲಿ ಆ ಪತ್ರವನ್ನೇ ರದ್ದು ಮಾಡಿದರು. ಅದಕ್ಕೂ ಮೊದಲೇ, 2021ರಿಂದ, ಒಂದು ಸಲ ಕಾಲೇಜು ಬದಲಿಸಿದರೆ ವರ್ಷವಿಡೀ ಬೆಂಚಿನಲ್ಲಿ ಕೂರುವ ಶಿಕ್ಷೆ ತಪ್ಪಿತ್ತು. ಈಗ ಅಲ್ಲಿ ಋತು ಮುಗಿಯುತ್ತಿದ್ದಂತೆ ಆಟಗಾರರ ಸಂತೆಯೇ ನೆರೆಯುತ್ತದೆ. ಕಟ್ಟಿಹಾಕುವುದರಿಂದ ಹರಾಜಿನ ಕಡೆಗೆ ಒಂದೇ ನೆಗೆತ. ಎರಡೂ ನಮಗೆ ಬೇಡ.

ನಮಗೆ ಬೇಕಾದದ್ದು ಊರಲ್ಲೇ ಇದೆ. ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತಕ್ಕೆ, ಮೇ ಕೊನೆಯ ವಾರದಲ್ಲಿ ಮುಗಿಯುತ್ತದೆ. ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದ ಮೇಳ ಬದಲಿಸಿದರೆ ಅದು ಸುದ್ದಿ, ದ್ರೋಹವಲ್ಲ. ಅಭಿಮಾನಿಗಳು ನಾಲ್ಕು ದಿನ ಚಹಾ ಅಂಗಡಿಯಲ್ಲಿ ಗೊಣಗುತ್ತಾರೆ, ಯಜಮಾನರು ಇನ್ನೊಬ್ಬರನ್ನು ಹುಡುಕುತ್ತಾರೆ. ನಡು ತಿರುಗಾಟದಲ್ಲಿ, ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿಗೆ ಕಾಣೆಯಾದರೆ ಮಾತ್ರ ಅದು ಬೇರೆಯೇ ಮಾತು. ಬಿಡುವುದಕ್ಕೂ ಒಂದು ಹೊತ್ತಿದೆ ಎಂದು ಎಲ್ಲರೂ ಒಪ್ಪಿಕೊಂಡಿರುವುದರಿಂದ ಬಿಟ್ಟವನ ಮರ್ಯಾದೆಯೂ ಉಳಿಯುತ್ತದೆ, ಮೇಳವೂ ನಿಲ್ಲುವುದಿಲ್ಲ.

ಕಾಲೇಜು ಕ್ರೀಡೆಗೂ ಅಂಥದೊಂದು ದಿನ ಬೇಕು. ಪಂದ್ಯಾಟದ ರಾತ್ರಿಯ ಹೂಂ ಪರಿಚಯ ಮಾತ್ರ ಎಂದು ಕೋಚ್ ತಾನಾಗಿಯೇ ಹೇಳಬೇಕು: ‘ಈಗ ಏನೂ ಹೇಳಬೇಡ, ಮನೆಯಲ್ಲಿ ಕೇಳು, ನಾನು ಬರ್ತೇನೆ.’ ಮನೆಗೆ ಹೋಗಿ ಅಪ್ಪ ಅಮ್ಮನ ಎದುರು ಕೂತು ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಗಾಯವಾದರೆ ಚಿಕಿತ್ಸೆ ಯಾರದು, ಆಡಲಾಗದಿದ್ದರೆ ಓದು ಮುಂದುವರಿಯುತ್ತದೋ ಇಲ್ಲವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಈ ಕೊನೆಯ ಎರಡು ಸಾಲು ಹೆಚ್ಚಿನ ಭರವಸೆಗಳಲ್ಲಿ ಇರುವುದೇ ಇಲ್ಲ. ಹುಡುಗರು ಹಿಂಜರಿಯುವುದು ಹೆಚ್ಚಾಗಿ ಅಲ್ಲೇ. ನಿಗದಿಯಾದ ದಿನದೊಳಗೆ ಬೇಡವೆಂದರೆ ಪ್ರಶ್ನೆ ಕೇಳದೆ ಬಿಡಬೇಕು. ಅಲ್ಲಿಯವರೆಗೆ ಎರಡನೇ ಸೆಟ್ಟರ್‌ನನ್ನು ‘ಕಾಯುವ ಪಟ್ಟಿಯಲ್ಲಿದ್ದೀಯ’ ಎಂದು ನಿಜ ಹೇಳಿ ಇಟ್ಟುಕೊಳ್ಳಬೇಕು. ದಿನ ದಾಟಿದ ಮೇಲೆ ಹೋದರೆ ಬಳಸಿದ ಹಾಸ್ಟೆಲ್ ತಿಂಗಳ ಖರ್ಚು ಕೇಳಲಿ, ಕೊಟ್ಟ ಕಿಟ್ ವಾಪಸು ಕೇಳಲಿ, ತಪ್ಪಿಲ್ಲ. ಅಂಕಪಟ್ಟಿಯನ್ನು ಮಾತ್ರ ಒತ್ತೆ ಇಡಬಾರದು.

ಹುಡುಗಿಯರ ವಿಷಯದಲ್ಲಿ ಈ ಮನೆಭೇಟಿ ಇನ್ನೂ ಮುಖ್ಯ. ಕಬಡ್ಡಿ ಆಡುವ ಹುಡುಗಿ ‘ಬರುವುದಿಲ್ಲ ಸರ್’ ಎಂದಾಗ ಎಷ್ಟೋ ಸಲ ಅದು ಅವಳ ಮಾತೇ ಆಗಿರುವುದಿಲ್ಲ. ಹಾಸ್ಟೆಲ್ ದೂರ, ಕೋಚ್ ಗಂಡಸು, ಪಂದ್ಯ ಮುಗಿಯುವಾಗ ನಡುರಾತ್ರಿ, ನೆಂಟರ ಬಾಯಿ ಇದೆಲ್ಲ ಸೇರಿ ಅವಳ ಬಾಯಲ್ಲಿ ಆ ಎರಡು ಶಬ್ದಗಳಾಗಿ ಬರುತ್ತವೆ. ಫೋನಿನಲ್ಲಿ ಸಿಟ್ಟಾದ ಕೋಚ್ ಆ ಮನೆಯವರ ಅನುಮಾನವನ್ನೇ ಗಟ್ಟಿ ಮಾಡುತ್ತಾನೆ. ಮಹಿಳಾ ವಾರ್ಡನ್ ಒಬ್ಬರನ್ನು ಕರೆದುಕೊಂಡು ಮನೆಗೆ ಹೋಗಿ ಚಹಾ ಕುಡಿದು ಬಂದ ಕೋಚ್‌ಗೆ ಹುಡುಗಿ ಸಿಗದಿದ್ದರೂ ಅವಳ ತಂಗಿ ಸಿಗಬಹುದು.

ಹುಡುಗರನ್ನು ಪೂರ್ತಿ ನಿರ್ದೋಷಿಗಳೆಂದು ಬಿಡುವುದಿಲ್ಲ. ಎರಡು ಕಾಲೇಜಿಗೂ ಹೂಂ ಎಂದು ಎರಡೂ ಕಡೆಯಿಂದ ಶೂ ಪಡೆದವರಿದ್ದಾರೆ. ಕೋಚ್ ಫೋನ್ ಮಾಡಿದರೆ ಎತ್ತದೆ, ತರಗತಿ ಶುರುವಾದ ದಿನ ಗೆಳೆಯನ ಮೂಲಕ ಹೇಳಿಕಳಿಸುವುದು ನಾಚಿಕೆಗೇಡು. ಆದರೆ ಫೋನ್ ಎತ್ತದಿರಲು ಹೆದರಿಕೆಯೇ ಕಾರಣ. ಹಿಂದಿನ ವರ್ಷ ಹೇಳಿಬಿಟ್ಟ ಅಣ್ಣನಿಗೆ ಏನು ಸಿಕ್ಕಿತೆಂದು ಅವರಿಗೆ ಗೊತ್ತಿರುತ್ತದೆ. ಬೇಗ ಹೇಳಿದವನಿಗೆ ಬೈಗುಳ ಕಡಿಮೆಯಾದರೆ ಬೇಗ ಹೇಳುವವರು ಹೆಚ್ಚುತ್ತಾರೆ. ನಿಜವಾಗಿ ಬೈಸಿಕೊಳ್ಳಬೇಕಾದವರು ಬೇರೆ ಇದ್ದಾರೆ. ಜುಲೈಯಲ್ಲಿ, ಒಂದು ಕಾಲೇಜಿನಲ್ಲಿ ಅಭ್ಯಾಸ ಶುರು ಮಾಡಿದ ಹುಡುಗನಿಗೆ ‘ಕೈಗೆ ಇಷ್ಟು ಕೊಡುತ್ತೇವೆ’ ಎಂದು ಕದ್ದು ಫೋನ್ ಮಾಡುವ ಇನ್ನೊಂದು ಕಾಲೇಜಿನ ಕೋಚ್. ಅವನನ್ನು ಎದುರಿಗೆ ಕೇಳುವವರಿಲ್ಲ; ಮುಂದಿನ ಪಂದ್ಯಾಟದ ವೇದಿಕೆಯಲ್ಲಿ ಇಬ್ಬರು ಕೋಚ್‌ಗಳೂ ಅಕ್ಕಪಕ್ಕದಲ್ಲೇ ಕೂತು ಶಾಲು ಹೊದೆಸಿಕೊಳ್ಳುತ್ತಾರೆ. ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ವಿಭಾಗ ಕಾಲೇಜುಗಳನ್ನೆಲ್ಲ ಒಮ್ಮೆ ಕೂರಿಸಿ ಒಂದು ದಿನಾಂಕ ಗೊತ್ತುಮಾಡಿದರೆ, ಅದು ಮೊದಲು ಕಟ್ಟಿಹಾಕುವುದು ಈ ಕೋಚ್‌ಗಳನ್ನು.

ಅಪ್ಪ ಅಮ್ಮನ ಎದುರು ಬರೆದುಕೊಡುವ ಆ ಹಾಳೆಯಲ್ಲಿ ಇನ್ನೂ ಒಂದು ಸಾಲು ಸೇರಬೇಕು. ಆಡಳಿತ ಮಂಡಳಿಗಳು ಸುಲಭಕ್ಕೆ ಒಪ್ಪಲಾರದ್ದು ಅದೇ. ಹುಡುಗ ಹೂಂ ಎಂದದ್ದು ಕಟ್ಟಡಕ್ಕಲ್ಲ, ಹೆಗಲ ಮೇಲೆ ಕೈಯಿಟ್ಟ ಮನುಷ್ಯನಿಗೆ. ಆ ಮನುಷ್ಯ ಆಗಸ್ಟ್‌ನಲ್ಲಿ ಬೇರೆ ಕಾಲೇಜು ಸೇರಿದರೆ ಅವನನ್ನು ನಂಬಿ ಬಂದ ಹುಡುಗರಿಗೂ ಟಿ.ಸಿ. ಕೇಳುವ ಹಕ್ಕು ಬೇಕು, ಯಾವ ಬಾಕಿಯೂ ಇಲ್ಲದೆ. ಕೋಚ್ ಹೋದರೆ ಹಿಂದೆಯೇ ಅರ್ಧ ತಂಡವೂ ಹೋದೀತು ಎಂಬ ಭಯ ಇದ್ದರೆ, ಕೋಚ್‌ನ ಕೆಲಸವನ್ನು ಖಾಯಂ ಮಾಡುವ ಯೋಚನೆಯೂ ಆಡಳಿತ ಮಂಡಳಿಗೆ ಬಂದೀತು.