ನೆರಳಿನ ಗೋಡೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರಿಗೆ ಕಲ್ಲೆಂದರೆ ಗುಡಿಯ ಕಲ್ಲೇ ಕಣ್ಣಿಗೆ ಕಟ್ಟುತ್ತದೆ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ತಲೆಯೆತ್ತಿ ಕಮಲದ ಛತ್ತನ್ನು ನೋಡುತ್ತ ಕಂಬಕ್ಕೆ ಕೈಯಿಟ್ಟರೆ, ಎಣ್ಣೆ ಸವರಿದ ಹಾಗೆ ಬೆರಳು ಜಾರುತ್ತದೆ. ಅದು ಬಳಪದ ಕಲ್ಲು. ಬಾದಾಮಿಯ ಕಲ್ಲು ಜಾರಗೊಡುವುದಿಲ್ಲ, ಹಿಡಿದುಕೊಳ್ಳುತ್ತದೆ. ಬಂಡೆ ಹತ್ತುವ ಸುಖವೆಲ್ಲ ಆ ಹಿಡಿತದಲ್ಲಿದೆ.

ಸವಣೂರಿನಿಂದ ಲಕ್ಷ್ಮೇಶ್ವರ, ಗದಗ, ರೋಣ ದಾಟಿದರೆ ಬಾದಾಮಿ. ಬಯಲುಸೀಮೆಯ ಬಿಸಿಲಿನಲ್ಲಿ ಬಂದವರು ಅಗಸ್ತ್ಯತೀರ್ಥ ಕೆರೆಯ ಉತ್ತರಕ್ಕೆ, ಕೋಟೆಗೆ ಹತ್ತುವ ದಾರಿಯ ಸಂದಿಗೆ ಕಾಲಿಟ್ಟರೆ ಮೈಗೆ ತಂಪು ತಾಗುತ್ತದೆ. ಎರಡೂ ಬದಿಗೆ ಕೆಂಗಲ್ಲ ಗೋಡೆ, ಮೇಲೆ ಒಂದು ಗೇಣು ಆಕಾಶ. ಈ ಬೆಟ್ಟದ ಕೋಟೆಯನ್ನು ಒಂದನೇ ಪುಲಕೇಶಿ ಕಟ್ಟಿಸಿದ್ದು ಕ್ರಿ.ಶ. 543ರಲ್ಲಿ ಎನ್ನುತ್ತದೆ ಶಾಸನ. ಸ್ಮಾರಕಗಳ ಕಲ್ಲು ನೋಡುವುದಕ್ಕಷ್ಟೇ, ಅಲ್ಲಿ ಹತ್ತುವಂತಿಲ್ಲ, ಹತ್ತಲೂಬಾರದು. ಹತ್ತುವವರ ಗೋಡೆಗಳು ಬೇರೆ ಕಡೆ ಇವೆ. ಕಲ್ಲು ಮಾತ್ರ ಒಂದೇ.

ಈ ಕಲ್ಲನ್ನು ಹತ್ತಿರದಿಂದ ನೋಡಬೇಕು. ಜೀವಿಗಳು ನೆಲಕ್ಕೆ ಬರುವುದಕ್ಕೂ ಎಷ್ಟೋ ಮೊದಲು ನೀರು ತಂದು ಹಾಕಿದ ಮರಳು, ಪದರದ ಮೇಲೆ ಪದರ ಕೂತು ಕಲ್ಲಾಗಿದೆ. ನೀರು ಹರಿದ ದಿಕ್ಕು ಬದಲಾದಲ್ಲಿ ಪದರವೂ ಓರೆಯಾಗಿದೆ. ಮೆತ್ತಗಿನ ಪದರವನ್ನು ಗಾಳಿಮಳೆ ತಿಂದಿವೆ, ಗಟ್ಟಿ ಪದರ ಅಂಚಾಗಿ ಉಳಿದಿದೆ. ಬೆರಳಿಗೆ ಸಿಗುವುದು ಆ ಅಂಚೇ. ಕೆಲವು ಕಡೆ ನಾಲ್ಕೂ ಬೆರಳು ಕೂರುತ್ತವೆ, ಕೆಲವು ಕಡೆ ಉಗುರಿನ ಬುಡದಷ್ಟೇ. ಚಾಕ್ ಪುಡಿ ಹಚ್ಚಿದ ಬೆರಳನ್ನು ಅಂಚಿಗಿಟ್ಟು ಭಾರ ಬಿಟ್ಟಾಗ ಮರಳಿನ ಒಂದೊಂದು ಹರಳೂ ಚರ್ಮಕ್ಕೆ ತಿಳಿಯುತ್ತದೆ. ಸಂಜೆಗೆ ಬೆರಳ ತುದಿ ಸವೆದು ಕೆಂಪಾಗುತ್ತದೆ, ಚಹಾದ ಲೋಟ ಹಿಡಿದರೆ ಉರಿಯುತ್ತದೆ. ಆ ಉರಿಯೂ ನನಗೆ ಇಷ್ಟ.

ನಾವು ಹತ್ತುವ ಬಗೆಯಾದ ಸ್ಪೋರ್ಟ್ ಕ್ಲೈಂಬಿಂಗ್‌ನಲ್ಲಿ ಬೋಲ್ಟ್‌ಗಳನ್ನು ಬಂಡೆಗೆ ಮೊದಲೇ ಕೂರಿಸಿರುತ್ತಾರೆ. ಹತ್ತುವವರು ಬೋಲ್ಟ್‌ಗೆ ಕ್ವಿಕ್‌ಡ್ರಾ ಎಂಬ ಕೊಂಡಿ ಸಿಕ್ಕಿಸಿ, ಅದರೊಳಗೆ ಹಗ್ಗ ತೂರಿಸುತ್ತ ಮೇಲೇರಬೇಕು. ಕೈ ಸೋತರೆ ಕೆಳಗಿನವರು ಹಗ್ಗ ತಡೆಯುತ್ತಾರೆ. ಪ್ರಾಣಭಯ ಹಿಂದೆ ಸರಿಯುವುದರಿಂದ ಮನಸ್ಸೆಲ್ಲ ಚಲನೆಯ ಮೇಲೆ ನಿಲ್ಲುತ್ತದೆ. ಎಡಗಾಲು ಎಲ್ಲಿ, ಸೊಂಟ ಗೋಡೆಗೆ ಎಷ್ಟು ಹತ್ತಿರ, ಉಸಿರು ಯಾವಾಗ ಬಿಡಬೇಕು, ಇಷ್ಟೇ ಯೋಚನೆ. ಈ ಆಟವನ್ನು ಧೈರ್ಯದ ಲೆಕ್ಕದಲ್ಲಿ ಮಾತ್ರ ಹೊಗಳುವವರು ಅದರ ಅರ್ಧ ಚೆಲುವನ್ನು ಕಂಡಿಲ್ಲ.

ಬಾದಾಮಿಯಲ್ಲಿ ‘ಗಣೇಶ’ ಎಂಬ ಹತ್ತುವ ದಾರಿಯಿದೆ. ಅದರ ಕಷ್ಟದ ದರ್ಜೆ 8ಬಿ+, ದೇಶದ ಅತಿ ಕಠಿಣ ದಾರಿಗಳಲ್ಲೊಂದು. ಫ್ರಾನ್ಸಿನ ಅಲೆಕ್ಸಾಂಡರ್ ಶಾಬೋ ಅದನ್ನು ಏರಿದವರು, ಮುಂದೆ ಪುಣೆಯ ತುಹಿನ್ ಸಾತಾರ್ಕರ್ ಏರಿದರು. ಬುಡದಲ್ಲಿ ನಿಂತು ಕತ್ತೆತ್ತಿ ನೋಡುವುದೇ ನಮ್ಮಂಥವರಿಗೆ ಹಬ್ಬ. ನಮಗೆ ಸುಲಭದ ದಾರಿಗಳೂ ಬೇಕಾದಷ್ಟಿವೆ.

ಅಲ್ಲಿ ದಿನದ ಲೆಕ್ಕವನ್ನೆಲ್ಲ ನೆರಳು ಇಡುತ್ತದೆ. ಚಳಿಗಾಲದಲ್ಲೂ ಬಿಸಿಲು ಬಿದ್ದ ಗೋಡೆಯಲ್ಲಿ ಕೈ ಬೆವರಿ ಅಂಚು ತಪ್ಪುತ್ತದೆ, ನೆರಳಿನ ಗೋಡೆಯಲ್ಲಿ ಅದೇ ಅಂಚು ಎರಡು ಪಟ್ಟು ದೊಡ್ಡದೆನಿಸುತ್ತದೆ. ಬಿಸಿಲು ಗೋಡೆಯ ನೆತ್ತಿಯಿಂದ ಇಳಿಯತೊಡಗಿತೋ, “ಲೇ ತಮ್ಮಾ, ಹಗ್ಗ ಸುತ್ತು, ಆ ಕಡೆ ಹೋಗೂಣು” ಎಂದು ಶಿಗ್ಗಾಂವಿಯ ಗೆಳೆಯ ಕೂಗುತ್ತಾನೆ. ಮಂಗಗಳ ಕೈಗೆ ಸಿಗದಂತೆ ಬುತ್ತಿಯ ಚೀಲ ಹೆಗಲಿಗೇರಿಸಿ ಎದುರಿನ ಗೋಡೆಗೆ ಹೋಗುತ್ತೇವೆ.